ಅರ್ಜಿಯಲ್ಲಿ ‘ಇಲ್ಲ’ ಎಂದು ಬರೆಯಬೇಡಿ

ಮಲ್ಪೆಯ ಓದುಗರೊಬ್ಬರ ಪತ್ರ ಓದಿದ ಮೇಲೆ ಈ ವಾರ ಬೇರೆ ಪತ್ರ ಕೈಗೆತ್ತಿಕೊಳ್ಳಲು ಮನಸ್ಸಾಗಲಿಲ್ಲ. ಇಪ್ಪತ್ತೊಂದರ ವಯಸ್ಸಿನಲ್ಲಿ, ಊರಿನ ಕಬಡ್ಡಿ ಪಂದ್ಯದ ರಾತ್ರಿ ನಡೆದ ಹೊಡೆದಾಟದಲ್ಲಿ ಅವರಿಂದ ಒಬ್ಬರಿಗೆ ಗಾಯವಾಯಿತು. ಭಾರತೀಯ ದಂಡ ಸಂಹಿತೆಯ 324ನೇ ಸೆಕ್ಷನ್ನಿನಡಿ ಅಪರಾಧ ಸಾಬೀತಾಯಿತು. ಈಗ ಬೈಕಂಪಾಡಿಯ ಗೋದಾಮೊಂದರಲ್ಲಿ ಸ್ಟೋರ್ ಕೀಪರ್ ಕೆಲಸ ಸಿಗುವಂತಿದೆ. ಆದರೆ ಮಾಲೀಕರು ಪೊಲೀಸ್ ವೆರಿಫಿಕೇಶನ್ ಪ್ರಮಾಣಪತ್ರ ಕೇಳಿದ್ದಾರೆ, ಹಳೆಯ ಪ್ರಕರಣಗಳೇನಾದರೂ ಇವೆಯೇ ಎಂಬ ಪ್ರಶ್ನೆ ಅರ್ಜಿಯಲ್ಲೂ ಇದೆ. ‘ಇಲ್ಲ ಎಂದು ಬರೆ, ಯಾರು ನೋಡುತ್ತಾರೆ’ ಎನ್ನುವುದು ಭಾವನ ಸಲಹೆ.

ಪತ್ರದ ಕೊನೆಯಲ್ಲಿ ನೀವು ‘ಜೈಲಿಗೇನೂ ಹಾಕಲಿಲ್ಲ, ಬಾಂಡ್ ಬರೆಸಿಕೊಂಡು ಬಿಟ್ಟರು’ ಎಂದು ಅರ್ಧ ಸಾಲು ಬರೆದಿದ್ದೀರಿ. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಅದೇ. ಬಹುಶಃ ನ್ಯಾಯಾಧೀಶರು 1958ರ ಪ್ರೊಬೇಷನ್ ಆಫ್ ಅಫೆಂಡರ್ಸ್ ಕಾಯ್ದೆಯ 4ನೇ ಸೆಕ್ಷನ್ನನ್ನು ಬಳಸಿ, ಅಪರಾಧದ ಸ್ವರೂಪವನ್ನೂ ನಿಮ್ಮ ನಡತೆಯನ್ನೂ ನೋಡಿ, ಶಿಕ್ಷೆಯ ಬದಲು ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡುಗಡೆ ಮಾಡಿರಬೇಕು. ಹಾಗಿದ್ದಲ್ಲಿ, ಅಪರಾಧ ಸಾಬೀತಾದ ಕಾರಣಕ್ಕೆ ಕಾನೂನಿನಲ್ಲಿ ಅಂಟಿಕೊಳ್ಳುವ ಅನರ್ಹತೆ ನಿಮಗೆ ತಟ್ಟುವುದಿಲ್ಲ ಎಂದು ಅದೇ ಕಾಯ್ದೆಯ 12ನೇ ಸೆಕ್ಷನ್ ಹೇಳುತ್ತದೆ. ಇಷ್ಟು ವರ್ಷ ಇದನ್ನು ನಿಮಗೆ ಯಾರೂ ಬಿಡಿಸಿ ಹೇಳಲಿಲ್ಲವೆಂಬುದು ನನಗೆ ನೋವಿನ ಸಂಗತಿ.

ಆದರೆ ಅನರ್ಹತೆ ಇಲ್ಲವೆಂದ ಮಾತ್ರಕ್ಕೆ ಪ್ರಕರಣವೇ ಅಳಿಸಿಹೋಗುವುದಿಲ್ಲ. ಆದ್ದರಿಂದಲೇ ನಿಮ್ಮ ಭಾವನ ಮೇಲೆ ನನಗೆ ಸಿಟ್ಟು. ಹಳೆಯ ಹೊಡೆದಾಟವನ್ನು ಮಾಲೀಕರು ಕ್ಷಮಿಸಿಯಾರು, ಆದರೆ ಈಗ ಸುಳ್ಳು ಬರೆದರೆ ಅದು ಈಗಿನ ನಡತೆಯಾಗುತ್ತದೆ. ಸರ್ಕಾರಿ ನೌಕರಿಯ ಬಗ್ಗೆ 2016ರಲ್ಲಿ ಅವತಾರ್ ಸಿಂಗ್ ಪ್ರಕರಣವನ್ನು ತೀರ್ಮಾನಿಸಿದ ಸುಪ್ರೀಂ ಕೋರ್ಟು ಕೂಡ, ಅಭ್ಯರ್ಥಿ ಕೊಡುವ ಮಾಹಿತಿ ನಿಜವಿರಬೇಕು, ಏನನ್ನೂ ಮುಚ್ಚಿಡಬಾರದು ಎಂದಿತು. ನಿಜ ಹೇಳಿದರೂ ತೂಗಿ ನೋಡುವ ಹಕ್ಕು ಕೆಲಸ ಕೊಡುವವರಿಗೆ ಉಳಿಯುತ್ತದೆ ಎಂದೂ ಅದೇ ತೀರ್ಪು ಹೇಳಿತು.

ಮಾಲೀಕರ ಅಂಜಿಕೆಯನ್ನು ನಾನು ತಪ್ಪೆನ್ನುವುದಿಲ್ಲ. ಸರಕು ಕಾಣೆಯಾದರೆ ಯಾರು ಹೊಣೆ, ಉಳಿದ ಕೆಲಸಗಾರರೊಂದಿಗೆ ಈತ ಹೇಗಿರುತ್ತಾನೆ, ಪೊಲೀಸರು ಬಾಗಿಲಿಗೆ ಬಂದಾರೆಯೇ ಎಂದು ಅವರು ಯೋಚಿಸಿಯೇ ಯೋಚಿಸುತ್ತಾರೆ. ‘ಕ್ರಿಮಿನಲ್ ಕೇಸು’ ಎಂಬ ಎರಡು ಪದಗಳಷ್ಟೇ ಕಿವಿಗೆ ಬಿದ್ದವರು ಕಳ್ಳತನವನ್ನೂ ವಂಚನೆಯನ್ನೂ ಊಹಿಸಿಕೊಳ್ಳುತ್ತಾರೆ. ನಡೆದದ್ದು ಏನು, ಎಷ್ಟು, ನ್ಯಾಯಾಲಯ ನಿಮ್ಮನ್ನು ಏಕೆ ಬಿಟ್ಟಿತು ಎಂಬುದೆಲ್ಲ ಇರುವುದು ತೀರ್ಪಿನಲ್ಲಿ, ಆ ತೀರ್ಪು ನಿಮ್ಮ ಬಳಿ ಇಲ್ಲ!

ಹಾಗಾಗಿ ನೀವು ಮಾಡಬೇಕಾದದ್ದು ಒಂದೇ: ಪ್ರಕರಣ ನಡೆದ ನ್ಯಾಯಾಲಯದಲ್ಲಿ ತೀರ್ಪಿನ ದೃಢೀಕೃತ ಪ್ರತಿಗಾಗಿ ಈ ವಾರವೇ ಅರ್ಜಿ ಹಾಕಿ, ಅದು ಕೈಗೆ ಬಂದ ಕೂಡಲೇ, ಪೊಲೀಸರ ವರದಿ ತಲುಪುವ ಮೊದಲು ಮಾಲೀಕರನ್ನು ಕಂಡು ಅದನ್ನು ಅವರ ಮುಂದಿಡಿ. ಪ್ರಕರಣದ ಸಂಖ್ಯೆ ಮರೆತಿದ್ದರೆ ಅಂದಿನ ವಕೀಲರನ್ನು ಕೇಳಿ, ಅವರು ಸಿಗದಿದ್ದರೆ ಉಡುಪಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ವಿಚಾರಿಸಿ, ಆದಾಯ ಕಡಿಮೆಯಿರುವವರಿಗೆ ಅಲ್ಲಿ ಉಚಿತ ನೆರವಿದೆ. ನಾಲ್ಕು ವರ್ಷ ನಿಮ್ಮ ಕೈಯಲ್ಲಿ ಲೆಕ್ಕಪುಸ್ತಕ ಬಿಟ್ಟಿರುವ ಐಸ್ ಪ್ಲಾಂಟಿನ ಧಣಿಗಳಿಂದ ಒಂದು ಪತ್ರವನ್ನೂ ಬರೆಸಿಕೊಳ್ಳಿ. ಗೋದಾಮಿಗೆ ಮಾತ್ರ ನೀವೊಬ್ಬರೇ ಹೋಗಿ, ನಿಮ್ಮ ಪರವಾಗಿ ಭಾವ ಮಾತನಾಡುವುದು ಬೇಡ.