ಮಳೆಗಾಲದಲ್ಲಿ ಟ್ರಿಪ್ ಆಗುತ್ತದೆ ಎಂದು ಆರ್‌ಸಿಸಿಬಿ ಕಿತ್ತು ಹಾಕಬೇಡಿ

ಜೂನ್ ಬಂತೆಂದರೆ ಕರಾವಳಿಯ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತದೆ: ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್ಚು, ಮಳೆಗೆ ಪದೇ ಪದೇ ಬೀಳುತ್ತದೆ, ಏನು ಮಾಡುವುದು? ಹಿಂದೆಯೂ ಉತ್ತರ ಕೊಟ್ಟಿದ್ದೇನೆ. ಈ ಸಲ ಬಂದ ಒಂದು ಪ್ರಶ್ನೆ ಓದಿ ನಿಜಕ್ಕೂ ಸಿಟ್ಟು ಬಂತು, ಭಯವೂ ಆಯಿತು. ಹಾಗಾಗಿ ಹೆಚ್ಚಿನ ಜಾಗ ಅದಕ್ಕೇ. ಎಂಸಿಬಿ (ಕರೆಂಟು ಮಿತಿ ಮೀರಿದರೆ ಬೀಳುವ ಸ್ವಿಚ್ಚು) ಹೇಗೆ ಕೆಲಸ ಮಾಡುತ್ತದೆ, ಮೇನ್ ಆಫ್ ಮಾಡದೆ ಬೋರ್ಡ್ ಯಾಕೆ ಬಿಚ್ಚಬಾರದು ಎಂಬುದನ್ನೆಲ್ಲ ಇಲ್ಲಿ ಹೇಳುವುದಿಲ್ಲ.

ಪ್ರಶ್ನೆ: ಮಲ್ಪೆ ಹತ್ತಿರ ಸಮುದ್ರದ ಎದುರಿಗೇ ನಮ್ಮ ಮನೆ. ಮಳೆ ಶುರುವಾದ ಮೇಲೆ ರಾತ್ರಿ ಹೊತ್ತು ಇಎಲ್‌ಸಿಬಿ ಪದೇ ಪದೇ ಟ್ರಿಪ್ ಆಗುತ್ತಿತ್ತು. ಎಲೆಕ್ಟ್ರಿಷಿಯನ್ ಅದನ್ನು ಬೈಪಾಸ್ ಮಾಡಿದರು. 'ಉಪ್ಪು ಗಾಳಿಗೆ ಇದೆಲ್ಲ ಆಗಿ ಬರಲ್ಲ, ನಿಮ್ಮ ಅರ್ಥಿಂಗ್ ಚೆನ್ನಾಗಿದೆ' ಅಂದರು. ಈಗ ಏನೂ ತೊಂದರೆ ಇಲ್ಲ. ಹೀಗೇ ಬಿಡಬಹುದಾ?

ಬಿಡಬಾರದು. ಇವತ್ತೇ ವಾಪಸ್ ಹಾಕಿಸಿ. ಹಾಕಿಸುವವರೆಗೆ ಬಾವಿ ಪಂಪು, ಗೀಸರ್, ವಾಷಿಂಗ್ ಮಷಿನ್, ಹೊರಗಿನ ಲೈಟು ಇಷ್ಟರ ಎಂಸಿಬಿ ಇಳಿಸಿಡಿ. ತೊಂದರೆ ಹೋಗಿಲ್ಲ, ತೊಂದರೆ ಇದೆ ಎಂದು ಹೇಳುತ್ತಿದ್ದ ಸಾಧನ ಮಾತ್ರ ಹೋಗಿದೆ.

ನೀವು ಇಎಲ್‌ಸಿಬಿ ಅನ್ನುವುದು ಈಗಿನ ಆರ್‌ಸಿಸಿಬಿ. ಫೇಸ್‌ನಲ್ಲಿ ಹೋದ ಕರೆಂಟು ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಎಂದು ಅದು ನೋಡುತ್ತಲೇ ಇರುತ್ತದೆ. 30 ಮಿಲಿಆಂಪಿಯರ್‌ನದಾದರೆ ಸೋರಿಕೆ 15ರಿಂದ 30ರ ನಡುವೆ ಎಲ್ಲೋ ಒಂದು ಕಡೆ ಮುಟ್ಟಿದಾಗ ಬೀಳುತ್ತದೆ. ಆ 30 ಎಂಬ ಅಂಕಿ ಸುಮ್ನೆ ಇಟ್ಟದ್ದಲ್ಲ. ಅದಕ್ಕಿಂತ ಜಾಸ್ತಿ ಕರೆಂಟು ಮೈಯಲ್ಲಿ ಹರಿಯುತ್ತಲೇ ಇದ್ದರೆ ಹೃದಯದ ಬಡಿತ ತಪ್ಪುವ ಅಪಾಯ ಇದೆ.

ಈಗ 'ಅರ್ಥಿಂಗ್ ಚೆನ್ನಾಗಿದೆ' ಎಂಬ ಮಾತಿಗೆ ಬರೋಣ. ನಮ್ಮ ಕಡೆ ಹೆಚ್ಚಿನ ಮನೆಗಳಿಗೆ ಅಂಗಳದಲ್ಲಿ ತಮ್ಮದೇ ಒಂದು ಅರ್ಥ್ ಗುಂಡಿ. ಅದರ ರೆಸಿಸ್ಟೆನ್ಸ್ 20 ಓಮ್ ಅಂದುಕೊಳ್ಳಿ. ಮರಳಿಗೆ, ಮುರಕಲ್ಲಿನ ನೆಲಕ್ಕೆ ಇದೇನೂ ಹೆಚ್ಚಲ್ಲ. ಪಂಪಿನ ಲೋಹದ ಮೈಗೆ ಫೇಸ್ ತಾಗಿತು ಅನ್ನಿ. 230 ವೋಲ್ಟನ್ನು 20ರಿಂದ ಭಾಗಿಸಿ: ಹರಿಯುವುದು ಹನ್ನೊಂದೂವರೆ ಆಂಪಿಯರ್. ನಿಮ್ಮ 16 ಆಂಪಿಯರ್ ಎಂಸಿಬಿ ಇದಕ್ಕೆ ಬೀಳುವುದೇ ಇಲ್ಲ. ಪಂಪಿನ ಬಾಡಿಯಲ್ಲಿ ಕರೆಂಟು ಹಾಗೇ ನಿಂತಿರುತ್ತದೆ, ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತವರು ಮುಟ್ಟುತ್ತಾರೆ. ಆರ್‌ಸಿಸಿಬಿ ಇದ್ದರೆ ಇದೇ ಗುಂಡಿ ಧಾರಾಳ ಸಾಕು, ಅದಕ್ಕೆ ಬೇಕಾದದ್ದು ಮಿಲಿಆಂಪಿಯರ್ ಲೆಕ್ಕದ ಕರೆಂಟು ಅಷ್ಟೇ. ಅರ್ಥಿಂಗ್ ಇದೆ, ಆರ್‌ಸಿಸಿಬಿ ಬೇಡ ಅನ್ನುವವರಿಗೆ ಈ ಭಾಗಾಕಾರ ಮಾಡಿ ತೋರಿಸಲು ಹೇಳಿ.

ಹಾಗಾದರೆ ಯಾಕೆ ಬೀಳುತ್ತಿತ್ತು? ಅದರಲ್ಲೂ ರಾತ್ರಿಯೇ ಯಾಕೆ? ಉಪ್ಪು ಎಂಬುದು ಗಾಳಿಯಲ್ಲಿರುವ ನೀರನ್ನು ಎಳೆದುಕೊಳ್ಳುತ್ತದೆ. ಗಾಳಿಯ ತೇವ ಶೇ 75 ದಾಟಿದರೆ ಉಪ್ಪಿನ ಹರಳು ತಾನಾಗಿ ಕರಗುತ್ತದೆ, ಮಳೆಯ ಹನಿ ಬೀಳಲೇಬೇಕೆಂದಿಲ್ಲ. ನಮ್ಮ ಮಳೆಗಾಲದಲ್ಲಿ ಅದಕ್ಕಿಂತ ಒಣ ದಿನ ಅಪರೂಪ. ರಾತ್ರಿ ತಂಪಾದಾಗ ತೇವ ಇನ್ನೂ ಏರುತ್ತದೆ, ಗೇಟಿನ ಲೈಟೂ ಆಗಲೇ ಉರಿಯುವುದು. ಬೇಸಿಗೆಯಿಡೀ ಟರ್ಮಿನಲ್ ಮೇಲೆ ಕೂತ ಉಪ್ಪಿನ ಪುಡಿ ಆಗ ಕರೆಂಟು ಹರಿಯುವ ದಾರಿಯಾಗುತ್ತದೆ.

ಪಡುವಣ ಗಾಳಿಗೆ ಮುಖ ಮಾಡಿದ ಒಂದು ಗೇಟ್ ಲೈಟನ್ನು ಬಿಚ್ಚಿಸಿ ನೋಡಿ. ಗಾಜು ಸರಿಯಾಗಿಯೇ ಇರುತ್ತದೆ. ಸ್ಕ್ರೂ ತಿರುಗಿಸಲು ಹೋದರೆ ತಲೆ ಮಾತ್ರ ಕೈಗೆ ಬರುತ್ತದೆ. ಒಳಗೆ ಇರುವೆ ಗೂಡು, ಕನೆಕ್ಟರ್ ಸುತ್ತ ಬಿಳಿ ಪುಡಿ, ತಾಮ್ರದ ತುದಿಗೆ ಹಸಿರು ಕಿಲುಬು. ವೈರಿನ ಪ್ಲಾಸ್ಟಿಕ್ ಸುಲಿದರೆ ಒಳಗಿನ ಎಳೆಗಳೂ ಕಪ್ಪಾಗಿರುತ್ತವೆ, ಎಷ್ಟೋ ಸಲ ಒಂದು ಗೇಣು ಒಳಗಿನವರೆಗೂ. ತುದಿಯನ್ನು ಸ್ಯಾಂಡ್‌ಪೇಪರಲ್ಲಿ ಉಜ್ಜಿ ಮತ್ತೆ ಸಿಗಿಸುವುದು ರಿಪೇರಿ ಅಲ್ಲ. ತಾಮ್ರ ಹೊಳೆಯುವವರೆಗೆ ಕತ್ತರಿಸುತ್ತಾ ಹೋಗಬೇಕು, ಅಥವಾ ವೈರೇ ಬದಲಿಸಬೇಕು. ಹೊಸತು ಹಾಕುವಾಗ ಹೊರಗಿನ ಸರ್ಕ್ಯೂಟಿಗೆ ತವರ ಲೇಪದ ತಾಮ್ರದ ವೈರು ಸಿಕ್ಕಿದರೆ ಅದನ್ನೇ ತನ್ನಿ. ಬಾಕ್ಸು ಐಪಿ 65 ಅಥವಾ 66 (ಧೂಳು, ನೀರು ಒಳಹೋಗದ ದರ್ಜೆ) ಇರಲಿ. ವೈರನ್ನು ಕೆಳಗಿನಿಂದ, ಗ್ಲ್ಯಾಂಡ್ (ವೈರಿನ ಸುತ್ತ ಬಿಗಿಯುವ ಬಿರಡೆ) ಹಾಕಿ ಒಳಗೆ ತರಲಿ. ಐಪಿ 65 ಬಾಕ್ಸ್ ತಂದು ಮೇಲ್ಭಾಗಕ್ಕೆ ತೂತು ಕೊರೆದರೆ ಕೊಟ್ಟ ದುಡ್ಡು ನೀರಿಗೆ ಹಾಕಿದ ಹಾಗೆ.

ಸೋರುವ ಜಾಗ ಹುಡುಕುವುದು ಹೇಗೆ? ಎಲ್ಲ ಎಂಸಿಬಿ ಇಳಿಸಿ, ಆರ್‌ಸಿಸಿಬಿ ಏರಿಸಿ, ಒಂದೊಂದಾಗಿ ಆನ್ ಮಾಡುತ್ತಾ ಬನ್ನಿ. ಇಷ್ಟು ನೀವೇ ಮಾಡಬಹುದು. ಯಾವುದನ್ನು ಏರಿಸಿದಾಗ ಬೀಳುತ್ತದೋ ಮೊದಲು ಅದನ್ನೇ ಅನುಮಾನಿಸಿ. ಅರ್ಧಂಬರ್ಧ ಕಲಿತವರು ಎಡವುವುದು ಇದರ ಮುಂದೆ. ಸಾಮಾನ್ಯ ಎಂಸಿಬಿ ಫೇಸನ್ನು ಮಾತ್ರ ಕತ್ತರಿಸುತ್ತದೆ, ನ್ಯೂಟ್ರಲ್ ಹಾಗೇ ಇರುತ್ತದೆ. ಒದ್ದೆ ಬಾಕ್ಸಿನಲ್ಲಿ ನ್ಯೂಟ್ರಲ್ ಅರ್ಥಿಗೆ ತಾಗಿದ್ದರೆ, ಆ ಸರ್ಕ್ಯೂಟಿನ ಎಂಸಿಬಿ ಆಫ್ ಇದ್ದರೂ ಬೇರೆ ಲೋಡ್ ಹಾಕಿದಾಗ ಆರ್‌ಸಿಸಿಬಿ ಬೀಳುತ್ತದೆ. ಆಗ ಫ್ರಿಜ್‌ನ ತಪ್ಪು, ಮಿಕ್ಸಿಯ ತಪ್ಪು ಎಂದು ತೀರ್ಮಾನ ಮಾಡುತ್ತಾರೆ. ಕೊನೆಗೆ ಆರ್‌ಸಿಸಿಬಿಯೇ ಕೆಟ್ಟದ್ದು ಅನ್ನುತ್ತಾರೆ. ಸರಿಯಾದ ದಾರಿ ಬೇರೆ. ಮೇನ್ ಆಫ್ ಮಾಡಿ, ಡಿಬಿಯಲ್ಲಿ (ಎಂಸಿಬಿಗಳೆಲ್ಲ ಇರುವ ಬಾಕ್ಸಿನಲ್ಲಿ) ಪ್ರತಿ ಸರ್ಕ್ಯೂಟಿನ ನ್ಯೂಟ್ರಲನ್ನು ಲಿಂಕಿನಿಂದ ಬಿಚ್ಚಿ, ಪ್ಲಗ್ಗುಗಳನ್ನೆಲ್ಲ ತೆಗೆದು, 500 ವೋಲ್ಟಿನ ಮೆಗ್ಗರ್‌ನಿಂದ (ಇನ್ಸುಲೇಶನ್ ಅಳೆಯುವ ಮೀಟರ್) ಫೇಸ್-ಅರ್ಥ್, ನ್ಯೂಟ್ರಲ್-ಅರ್ಥ್ ಎರಡನ್ನೂ ಅಳೆಯಬೇಕು. ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ಆ ಲೈನು ಸರಿಯಿಲ್ಲ. ಇದು ಲೈಸೆನ್ಸ್ ಇರುವವರ ಕೆಲಸ. ಮೆಗ್ಗರ್ ತರದೆ, ಬರೀ ಟೆಸ್ಟರ್ ಹಿಡಿದು ಬಂದವರನ್ನು ಈ ಕೆಲಸಕ್ಕೆ ಇಟ್ಟುಕೊಳ್ಳಬೇಡಿ.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಇನ್ನೊಂದು ವಿಷಯ. ಇನ್ವರ್ಟರ್ ಲೈನಿನ ನ್ಯೂಟ್ರಲನ್ನು ಬೇರೆ ಲೈನಿನ ನ್ಯೂಟ್ರಲ್ ಜೊತೆ ಸೇರಿಸಿದ್ದರೂ ಆರ್‌ಸಿಸಿಬಿ ಬೀಳುತ್ತದೆ. ಅದಕ್ಕೂ ಉಪ್ಪಿಗೂ ಸಂಬಂಧ ಇಲ್ಲ, ವೈರಿಂಗೇ ತಪ್ಪು.

ಕುಂದಾಪುರ ಕಡೆಯ ಕೆಲವರಿಗೆ '30ರ ಬದಲು 100 ಮಿಲಿಆಂಪಿಯರ್‌ದು ಹಾಕಿ, ಬೀಳಲ್ಲ' ಎಂದು ಅಂಗಡಿಯವರು ಹೇಳಿದ್ದಾರಂತೆ. ಬೀಳುವುದಿಲ್ಲ, ನಿಜ. ಮನುಷ್ಯ ಮುಟ್ಟಿದರೂ ಸಮಯಕ್ಕೆ ಬೀಳುತ್ತದೆ ಅನ್ನುವ ಹಾಗಿಲ್ಲ. 100, 300ರವು ಬೆಂಕಿ ತಡೆಯಲು ಮೇನ್‌ನಲ್ಲಿ ಹಾಕುವಂಥವು, ಜೀವ ಕಾಯಲು ಅಲ್ಲ. ಇಡೀ ಮನೆ ಕತ್ತಲಾಗುವುದೇ ನಿಮ್ಮ ಕಷ್ಟವಾದರೆ ಹೊರಗಿನ ಲೈಟು, ಪಂಪು, ಗೀಸರ್‌ಗೆ ಒಂದೊಂದು 30 ಮಿಲಿಆಂಪಿಯರ್ ಆರ್‌ಸಿಬಿಒ (ಆರ್‌ಸಿಸಿಬಿ, ಎಂಸಿಬಿ ಎರಡೂ ಒಂದರಲ್ಲೇ ಇರುವುದು) ಹಾಕಿಸಿ. ಗೇಟ್ ಲೈಟ್ ಸೋರಿದರೆ ಗೇಟ್ ಲೈಟ್ ಮಾತ್ರ ಹೋಗುತ್ತದೆ. ಖರ್ಚು ಜಾಸ್ತಿ. ಆದರೂ ಸಮುದ್ರದ ಪಕ್ಕ ಮನೆ ಕಟ್ಟಿದವರಿಗೆ ನಾನು ಬೇರೆ ಸಲಹೆ ಕೊಡುವುದಿಲ್ಲ.

ತಿಂಗಳಿಗೊಮ್ಮೆ ಆರ್‌ಸಿಸಿಬಿ ಮೇಲಿನ 'ಟಿ' (ಟೆಸ್ಟ್) ಬಟನ್ ಒತ್ತಿ. ಉಪ್ಪಿಗೆ ಆರ್‌ಸಿಸಿಬಿಯ ಒಳಗಿನ ಸ್ಪ್ರಿಂಗೂ ಹಿಡಿದುಕೊಳ್ಳುತ್ತದೆ. ಕರೆಂಟ್ ಇದ್ದು, ಒತ್ತಿದರೂ ಬೀಳದಿದ್ದರೆ ಅವತ್ತೇ ಬದಲಿಸಿ. ಡಿಬಿ ಬಾಕ್ಸನ್ನು ಸಿಟೌಟಿನ ಪಡುಗೋಡೆಗೆ ಹಾಕಿಸಿದ್ದರೆ ಒಳಗಿನ ಕೋಣೆಗೆ ತನ್ನಿ.

ಪ್ರಶ್ನೆ: ಹಳೆ ಮನೆ, ಅರ್ಥ್ ವೈರೇ ಇಲ್ಲ. ಸಾಕೆಟಿನಲ್ಲಿ ಅರ್ಥ್ ಪಿನ್ನಿಗೆ ನ್ಯೂಟ್ರಲ್‌ನಿಂದ ಲೂಪ್ ಹಾಕಿ ಕೊಟ್ಟಿದ್ದಾರೆ. ಸಾಲದಾ? (ಕಾಪು)

ಇದು ಕೊಲೆಗೆ ಸಮ. ಕಂಬದಲ್ಲೋ ಮೀಟರ್ ಹತ್ತಿರವೋ ನ್ಯೂಟ್ರಲ್ ಕಡಿದರೆ ಫ್ರಿಜ್ಜು, ವಾಷಿಂಗ್ ಮಷಿನ್ ಎಲ್ಲದರ ಬಾಡಿಗೂ 230 ವೋಲ್ಟ್ ಬರುತ್ತದೆ. ಉಪ್ಪು ಗಾಳಿಯಲ್ಲಿ ನ್ಯೂಟ್ರಲ್ ಜಾಯಿಂಟು ತಿಂದುಹೋಗುವುದು ಮಾಮೂಲು, ಅದರಲ್ಲೂ ಅಲ್ಯೂಮಿನಿಯಂ ಸರ್ವಿಸ್ ವೈರಿಗೆ ತಾಮ್ರವನ್ನು ನೇರ ಸುತ್ತಿದ ಕಡೆ. ಲೂಪ್ ತೆಗೆಸಿ, ಅರ್ಥ್ ವೈರ್ ಎಳೆಸಿ. ಜಾಯಿಂಟಿಗೆ ಬೈಮೆಟಲ್ ಲಗ್ (ಎರಡೂ ಲೋಹಕ್ಕೆ ಹೊಂದುವ ಜೋಡಣೆ) ಹಾಕಬೇಕು. ಮೀಟರಿನ ಆಚೆ ಆದರೆ ಮೆಸ್ಕಾಂಗೆ, ಉತ್ತರ ಕನ್ನಡದವರು ಹೆಸ್ಕಾಂಗೆ ದೂರು ಕೊಡಿ.

ಪ್ರಶ್ನೆ: ಅರ್ಥ್ ಗುಂಡಿಗೆ ವರ್ಷ ವರ್ಷ ಉಪ್ಪು ಸುರಿಯಬೇಕಾ? (ಹೊನ್ನಾವರ)

ಬೇಡ. ಉಪ್ಪು ಸುರಿದ ಕೂಡಲೇ ರೀಡಿಂಗ್ ಇಳಿಯುತ್ತದೆ, ಒಂದು ಮಳೆಗಾಲಕ್ಕೆ ತೊಳೆದು ಹೋಗುತ್ತದೆ, ಅಷ್ಟರಲ್ಲಿ ಜಿಐ ಪೈಪಿನ ಸತುವನ್ನು ತಿಂದಿರುತ್ತದೆ. ನೀರು ಹಿಡಿದಿಟ್ಟುಕೊಳ್ಳುವ ಬೆಂಟೊನೈಟ್ ಮಣ್ಣು ತುಂಬಿಸಿ. ಅರ್ಥ್ ಟೆಸ್ಟರ್‌ನಲ್ಲಿ ಅಳೆಸುವುದು ಏಪ್ರಿಲ್-ಮೇಯಲ್ಲಿ, ನೆಲ ಒಣಗಿದಾಗ. ಜುಲೈಯಲ್ಲಿ ಅಳೆದರೆ ಎಲ್ಲರ ಗುಂಡಿಯೂ ಚೆನ್ನಾಗಿರುತ್ತದೆ. ಪೈಪಿನ ತಲೆಯ ಕ್ಲ್ಯಾಂಪನ್ನೂ ನೋಡಿ, ಕೈಯಲ್ಲಿ ಅಲುಗಾಡಿಸಿದರೆ ಕಳಚಿ ಬರುವಂಥವನ್ನು ಬೇಕಾದಷ್ಟು ಕಂಡಿದ್ದೇನೆ.

ಪ್ರಶ್ನೆ: ಸ್ವಿಚ್ ಬೋರ್ಡ್ ಒಳಗೆ ತೆಂಗಿನೆಣ್ಣೆ ಅಥವಾ ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಕಿಲುಬು ಹಿಡಿಯಲ್ಲವಂತೆ?

ಎಣ್ಣೆ ಹೊತ್ತಿಕೊಳ್ಳುತ್ತದೆ, ಧೂಳು ಹಿಡಿಯುತ್ತದೆ. ಹೇಳಿದವರ ಮಾತು ಕೇಳಬೇಡಿ.

ಪ್ರಶ್ನೆ: ಪ್ಲಗ್ಗಿಗೆ ಹಾಕುವ ಪವರ್ ಸೇವರ್ ಡಬ್ಬಿಯಿಂದ ಬಿಲ್ ಕಡಿಮೆ ಆಗುತ್ತದಾ?

ಇಲ್ಲ, ಮೋಸ.

ಪ್ರಶ್ನೆ: ನಮ್ಮ ಮನೆ ಸಮುದ್ರದಿಂದ ಮೂರು ಕಿಲೋಮೀಟರ್ ಒಳಗೆ. ನಮಗೂ ಇದೆಲ್ಲ ಬೇಕಾ? (ಸುರತ್ಕಲ್)

ಪಡುಬದಿಯ ಕಿಟಕಿ ಸರಳು, ಗೇಟಿನ ಹಿಂಜು ನೋಡಿ. ಪೇಂಟ್ ಹೊಡೆದ ಮರುವರ್ಷವೇ ತುಕ್ಕು ಎದ್ದರೆ ಬೇಕು. 30 ಮಿಲಿಆಂಪಿಯರ್ ಆರ್‌ಸಿಸಿಬಿ ಮಾತ್ರ ಘಟ್ಟದ ಮೇಲಿನವರಿಗೂ ಬೇಕು.

ಪ್ರಶ್ನೆ: ಚಾವಣಿಗೆ ಸೋಲಾರ್ ಹಾಕಿಸುತ್ತಿದ್ದೇವೆ. ಉಪ್ಪು ಗಾಳಿಗೆ ಏನು ಕೇಳಿ ತಿಳಿದುಕೊಳ್ಳಬೇಕು? (ಕಾರವಾರ)

ಪ್ಯಾನೆಲಿಗೆ ಐಇಸಿ 61701 ಉಪ್ಪು ಮಂಜಿನ ಪರೀಕ್ಷೆ ಆಗಿದೆಯಾ ಎಂದು ಕಾಗದ ಕೇಳಿ. ಸ್ಟ್ಯಾಂಡಿಗೆ ಬರೀ ಪೇಂಟ್ ಹೊಡೆದ ಕಬ್ಬಿಣ ಬೇಡ, ಹಾಟ್ ಡಿಪ್ ಗಾಲ್ವನೈಸ್ (ಕರಗಿದ ಸತುವಿನಲ್ಲಿ ಅದ್ದಿದ್ದು) ಆಗಿರಲಿ, ಬೋಲ್ಟು 316 ಗ್ರೇಡಿನ ಸ್ಟೀಲ್ ಇರಲಿ. ಗಾಲ್ವನೈಸ್ ಮಾಡಿದ ಮೇಲೆ ಚಾವಣಿಯಲ್ಲಿ ಮತ್ತೆ ವೆಲ್ಡಿಂಗ್ ಮಾಡಲು ಬಿಡಬೇಡಿ, ತುಕ್ಕು ಮೊದಲು ಹಿಡಿಯುವುದು ಅಲ್ಲಿಯೇ. ಕೆಲಸ ಆಗುವ ದಿನ ನೀವೂ ಮೇಲೆ ಹತ್ತಿ ನಿಂತು ನೋಡಿ.