ಪ್ರೆಸ್ಸಿನ ಸರ್ವರಿಗೆ 4 ಡಿಸ್ಕ್: ರೇಡ್ 5 ಹಾಕಲೋ, 10 ಹಾಕಲೋ?

ನೀವು ಕೇಳಿದ್ದು ಇಷ್ಟು: ಗದಗಿನಲ್ಲಿ ಆಫ್‌ಸೆಟ್ ಪ್ರೆಸ್ ಇದೆ, ಡಿಸೈನ್ ಫೈಲೆಲ್ಲ ಒಂದೇ ಉಬುಂಟು ಸರ್ವರಿನಲ್ಲಿ, ಓಎಸ್‌ಗೆ ಬೇರೆ ಎಸ್‌ಎಸ್‌ಡಿ, ಡೇಟಾಕ್ಕೆ 4 ಟಿಬಿಯ 4 ಡಿಸ್ಕ್. ರೇಡ್ 5 ಹಾಕಿದರೆ 12 ಟಿಬಿ, 10 ಹಾಕಿದರೆ 8 ಟಿಬಿ, ಯಾವುದು? (ರೇಡ್ ಅಂದರೆ ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವಂತೆ ಹಲವು ಡಿಸ್ಕ್ ಸೇರಿಸಿ ಕಟ್ಟುವುದು.)

10 ಹಾಕ್ರಿ. ರೇಡ್ 5ರಲ್ಲಿ ಒಂದು ಡಿಸ್ಕ್ ಸತ್ತರೆ, ಹೊಸದನ್ನು ತುಂಬಲು ಉಳಿದ ಮೂರನ್ನೂ ಪೂರ್ತಿ ಓದಬೇಕು. ರೇಡ್ 10ರಲ್ಲಿ ಡಿಸ್ಕುಗಳು ಜೋಡಿ ಜೋಡಿ, ಜೋಡಿಯ ಎರಡರಲ್ಲೂ ಅದೇ ಡೇಟಾ; ಸತ್ತದ್ದರ ಜೋಡಿಯೊಂದನ್ನು ಓದಿದರೆ ಮುಗಿಯಿತು. ಸೆಕೆಂಡಿಗೆ 150 ಎಂಬಿ ವೇಗ ಸಿಕ್ಕರೂ 4 ಟಿಬಿಗೆ ಏಳೂವರೆ ತಾಸು ಬೇಕು. ಡಿಸೆಂಬರಿನ ಕ್ಯಾಲೆಂಡರ್ ಸುಗ್ಗಿಯಲ್ಲಿ ಡಿಟಿಪಿಯವರು ಅದೇ ಸರ್ವರಿನಲ್ಲಿ ಕೆಲಸ ಮಾಡುತ್ತಿದ್ದರೆ ಇನ್ನೂ ಎಳೆಯುತ್ತದೆ. ಒಂದೇ ಜೋಡಿಯ ಎರಡೂ ಡಿಸ್ಕ್ ಹೋದರೆ ಮಾತ್ರ ರೇಡ್ 10 ಕೂಡ ಉಳಿಯುವುದಿಲ್ಲ.

ಅದಕ್ಕಿಂತ ಮೊದಲು ಡಿಸ್ಕಿನ ಮಾಡೆಲ್ ನಂಬರ್ ಓದ್ರಿ. ಡೇಟಾದ ಪಟ್ಟಿಗಳನ್ನು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಬರೆಯುವ ಎಸ್‌ಎಂಆರ್ ಡಿಸ್ಕಾಗಿದ್ದರೆ ಈಗಲೇ ವಾಪಸ್ ಕೊಡ್ರಿ. ಸತತ ಬರವಣಿಗೆ ಬಂದಾಗ ಅದರ ವೇಗ ನೆಲ ಕಚ್ಚುತ್ತದೆ. ಡಬ್ಲ್ಯುಡಿ ರೆಡ್‌ನ 2ರಿಂದ 6 ಟಿಬಿಯೊಳಗೂ ಅಂಥ ಮಾಡೆಲ್ ಇವೆ ಎಂದು 2020ರಲ್ಲಿ ಗೊತ್ತಾಯಿತು. ರೆಡ್ ಪ್ಲಸ್ ಅಥವಾ ಸೀಗೇಟ್ ಐರನ್‌ವುಲ್ಫ್ ತಗೊಂಡರೆ ಈ ತಲೆನೋವಿಲ್ಲ. ನಾಲ್ಕನ್ನೂ ಒಂದೇ ಬ್ಯಾಚಿನಿಂದ ತರಬೇಡ್ರಿ: ಎರಡು ಗದಗಿನ ಅಂಗಡಿಯಲ್ಲಿ, ಎರಡು ಹುಬ್ಬಳ್ಳಿಯಲ್ಲಿ ಕೊಂಡರೂ ಆದೀತು.

ಜೋಡಿಸುವಾಗ ಪ್ರತಿ ಡಿಸ್ಕಿನ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರ ಟೇಪಿನ ಮೇಲೆ ಬರೆದು ಎದುರಿಗೆ ಅಂಟಿಸ್ರಿ. ಲಿನಕ್ಸ್ ಡಿಸ್ಕಿಗೆ ಕೊಡುವ ಎಸ್‌ಡಿಎ, ಎಸ್‌ಡಿಬಿ ಹೆಸರು ರೀಬೂಟ್ ಆದರೆ ಅದಲುಬದಲಾಗಬಹುದು. ಕೆಟ್ಟದ್ದನ್ನು ಬಿಟ್ಟು ಅದರ ಜೋಡಿಯನ್ನು ಕಿತ್ತರೆ ಕಥೆ ಮುಗಿಯಿತು.

ಪ್ರತಿ ಡಿಸ್ಕಿಗೂ ಜಿಪಿಟಿ ಪಾರ್ಟಿಶನ್ ಒಂದೊಂದು ಮಾಡಿ, ಕೊನೆಯಲ್ಲಿ 100 ಎಂಬಿ ಖಾಲಿ ಬಿಡ್ರಿ; ಮುಂದೆ ತರುವ ಬೇರೆ ಕಂಪನಿಯ ಡಿಸ್ಕ್ ತುಸು ಸಣ್ಣದಿದ್ದರೂ ಹಿಡಿಸುತ್ತದೆ. ಆಮೇಲೆ ಲಿನಕ್ಸಿನಲ್ಲಿ ರೇಡ್ ಕಟ್ಟುವ ಕಮಾಂಡ್ ಎಂಡಿಎಡಿಎಂನಲ್ಲಿ (mdadm) ಲೆವೆಲ್ 10, ಡಿವೈಸ್ 4 ಕೊಟ್ಟು ಅರೇ (ನಾಲ್ಕೂ ಸೇರಿ ಒಂದೇ ಡಿಸ್ಕಿನಂತೆ ಕಾಣುವುದು) ಕಟ್ಟ್ರಿ, ಇಎಕ್ಸ್‌ಟಿ4 ಫಾರ್ಮ್ಯಾಟ್ ಮಾಡ್ರಿ. ಬಹಳ ಜನ ಬಿಡುವ ಕೆಲಸ ಇದರ ಮುಂದಿನದು: ಅದೇ ಕಮಾಂಡಿನ ಡೀಟೇಲ್ ಸ್ಕ್ಯಾನ್ ತೋರಿಸುವ ಅರೇಯ ವಿವರದ ಸಾಲನ್ನು ಎಂಡಿಎಡಿಎಂ ಕಾನ್ಫಿಗ್ ಫೈಲಿಗೆ ಸೇರಿಸಿ, ಬೂಟಿನ ಮೊದಲ ಹಂತದಲ್ಲಿ ಬಳಕೆಯಾಗುವ ಇನಿಟ್‌ರ‍್ಯಾಮ್‌ಎಫ್‌ಎಸ್ ಅಪ್‌ಡೇಟ್ ಮಾಡಬೇಕು. ಇಲ್ಲದಿದ್ದರೆ ರೀಬೂಟ್ ಆದಮೇಲೆ ಅರೇಯ ಹೆಸರು ಎಂಡಿ0 ಹೋಗಿ ಎಂಡಿ127 ಆಗಿ ಕೂತಿರುತ್ತದೆ. ಎಫ್‌ಎಸ್‌ಟ್ಯಾಬಿನಲ್ಲಿ (ಯಾವ ಡಿಸ್ಕ್ ಯಾವ ಫೋಲ್ಡರಿಗೆ ಮೌಂಟ್, ಅಂದರೆ ಜೋಡಣೆ, ಆಗಬೇಕೆಂಬ ಪಟ್ಟಿ) ಅರೇಯ ಗುರುತಿನ ಸಂಖ್ಯೆ ಯುಯುಐಡಿ ಹಾಕಿ, ಮೌಂಟ್ ಆಗದಿದ್ದರೂ ಬೂಟ್ ನಿಲ್ಲದಂತೆ ನೋಫೇಲ್ ಕೊಡ್ರಿ.

ನೋಫೇಲಿಗೂ ಒಂದು ಕುತ್ತು ಇದೆ. ಅರೇ ಮೌಂಟ್ ಆಗದ ದಿನ ಫೈಲನ್ನು ನೆಟ್‌ವರ್ಕಿನಲ್ಲಿ ಹಂಚುವ ಸಾಂಬಾ ಆ ಖಾಲಿ ಫೋಲ್ಡರಿಗೇ, ಅಂದರೆ ಓಎಸ್ ಎಸ್‌ಎಸ್‌ಡಿಗೆ, ಫೈಲು ಬರೆಯುತ್ತಾ ಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಮೌಂಟ್ ಮಾಡುವ ಮೊದಲೇ ಆ ಫೋಲ್ಡರಿಗೆ ಚ್ಯಾಟರ್ ಪ್ಲಸ್ ಐ (chattr +i, ಬದಲಾವಣೆಗೆ ಬೀಗ) ಹಾಕಿಟ್ಟರೆ ಬರೆಯಲು ಆಗದೆ ಎರರ್ ಬರುತ್ತದೆ, ಆಗ ಕೂಗು ಏಳುತ್ತದೆ. ಅದೇ ಬೇಕಾದ್ದು.

ಪ್ರೊಕ್‌ನ ಎಂಡಿಸ್ಟ್ಯಾಟ್ ಫೈಲಿನಲ್ಲಿ ನಾಲ್ಕು ‘ಯು’ ಕಾಣಬೇಕು; ಒಂದರ ಜಾಗದಲ್ಲಿ ಅಂಡರ್‌ಸ್ಕೋರ್ ಇದ್ದರೆ ಆ ಡಿಸ್ಕ್ ಅರೇಯಲ್ಲಿಲ್ಲ. ಅದನ್ನು ದಿನಾ ಯಾರು ನೋಡುತ್ತಾರೆ? ಮೇಲ್ ಅಡ್ರೆಸ್ ಹಾಕಿ, ಎಂಡಿಎಡಿಎಂ ಮಾನಿಟರಿನ ಟೆಸ್ಟ್ ಓಡಿಸಿ ಮೇಲ್ ಬಂತೋ ಇಲ್ಲವೋ ಖಾತ್ರಿ ಮಾಡ್ಕೊಳ್ರಿ. ಡೇಟಾ ತುಂಬುವ ಮೊದಲು ಸರ್ವರ್ ಆಫ್ ಮಾಡಿ ಒಂದು ಡಿಸ್ಕಿನ ಕೇಬಲ್ ತೆಗೆದು ಬೂಟ್ ಮಾಡ್ರಿ. ಈ ಪರೀಕ್ಷೆ ಆಗದ ರೇಡನ್ನು ನಾನು ನಂಬುವುದಿಲ್ಲ. ಡಿಸ್ಕುಗಳ ತಿಂಗಳ ಚೆಕ್ ಸಾಮಾನ್ಯವಾಗಿ ಮೊದಲ ಭಾನುವಾರ ನಡುರಾತ್ರಿ ನಡೆಯುತ್ತದೆ. ರಾತ್ರಿ ಮೇನ್ ಸ್ವಿಚ್ ಇಳಿಸಿ ಮನೆಗೆ ಹೋಗುವ ರೂಢಿ ನಿಮ್ಮಲ್ಲಿದ್ದರೆ ಅದನ್ನು ಹಗಲಿಗೆ ಬದಲಿಸ್ರಿ.

ಸರ್ವರನ್ನು ಮಷಿನ್ ಪಕ್ಕದಲ್ಲಿ ಇಡಬೇಡ್ರಿ. ಶೀಟಿಗೆ ಹೊಡೆಯುವ ಸ್ಪ್ರೇ ಪೌಡರ್ ಫ್ಯಾನಿಗೆ ಮೆತ್ತಿಕೊಂಡು, ಏಪ್ರಿಲ್–ಮೇ ಬಿಸಿಲಿನಲ್ಲಿ ಡಿಸ್ಕ್ 50 ಡಿಗ್ರಿ ದಾಟಿಬಿಡುತ್ತದೆ. ಮನೆಯ ಇನ್ವರ್ಟರ್ ಸಾಲದು. ಯುಎಸ್‌ಬಿ ಕೇಬಲ್ ಇರುವ ಯುಪಿಎಸ್ ತಂದು ನಟ್ ಸಾಫ್ಟ್‌ವೇರ್ ಹಾಕಿದರೆ ಬ್ಯಾಟರಿ ಇಳಿಯುವ ಮೊದಲೇ ಸರ್ವರ್ ತಾನೇ ಬಂದ್ ಆಗುತ್ತದೆ.

ಯಾರೋ ಫೋಲ್ಡರ್ ಡಿಲೀಟ್ ಮಾಡಿದರೆ ಜೋಡಿಯ ಎರಡೂ ಡಿಸ್ಕಿನಿಂದ ಅದು ಆ ಕ್ಷಣಕ್ಕೇ ಹೋಗುತ್ತದೆ. ಬ್ಯಾಕಪ್ಪಿಗೆ ಬೇರೆ ಎರಡು ಯುಎಸ್‌ಬಿ ಡಿಸ್ಕ್ ಬೇಕು, ವಾರಕ್ಕೊಂದರಂತೆ ಸರದಿ, ಒಂದು ಸದಾ ಮನೆಯಲ್ಲಿ.

ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ 199ನೇ ಸಾಲಿನ ಎಣಿಕೆ ಏರುತ್ತಿದ್ದರೆ ಮೊದಲು ಸಾಟಾ ಕೇಬಲ್ ಬದಲಿಸಿ ನೋಡ್ರಿ. 5 ಅಥವಾ 197ನೇ ಸಾಲಿನದು ಏರುತ್ತಿದ್ದರೆ ಡಿಸ್ಕಿನದೇ ತೊಂದರೆ. ಆದರೆ ಪೂರ್ತಿ ಸಾಯುವ ಮುಂಚೆ ಕೀಳಬೇಡ್ರಿ: ಖಾಲಿ ಪೋರ್ಟಿಗೆ ಹೊಸದನ್ನು ಹಾಕಿ, ಅರೇಗೆ ಸೇರಿಸಿ, ರಿಪ್ಲೇಸ್ ಆಪ್ಶನ್ ಕೊಟ್ಟರೆ ಹಳೆಯದು ಜೋಡಿಯಲ್ಲಿದ್ದಂತೆಯೇ ಹೊಸದು ತುಂಬಿಕೊಳ್ಳುತ್ತದೆ.