ಜೈಲಿನ ಕತೆ ಸಾಕು, ವಾದ್ಯದ ಮಾತು ಬರಲಿ

ಪ್ರಿಯ ಲೇಖಕರೇ,

ಇಂಗ್ಲೆಂಡಿನ ಜಾಝ್ ಬ್ಯಾಂಡ್ ನಾಯಕ ಕೆನ್ ಕಾಲ್ಯರ್ ಬಗ್ಗೆ ನೀವು ಕಳುಹಿಸಿದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಲೂ ಮನಸ್ಸು ಬರುತ್ತಿಲ್ಲ. ಈ ಮನುಷ್ಯನ ಬಗ್ಗೆ ಕನ್ನಡದಲ್ಲಿ ಬರೆಯಬೇಕೆಂದು ನಿಮಗೆ ಅನ್ನಿಸಿದ್ದೇ ನನಗೆ ಖುಷಿ. ಅದಕ್ಕೇ ಒಂದು ಸಾಲಿನ ವಿಷಾದಪತ್ರ ಹಾಕದೆ ಇಷ್ಟುದ್ದ ಬರೆಯುತ್ತಿದ್ದೇನೆ.

ದೊಡ್ಡ ದೂರನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಲೇಖನದಲ್ಲಿ ಸಂಗೀತವೇ ಕೇಳಿಸುವುದಿಲ್ಲ. ಕಾಲ್ಯರ್ ವ್ಯಾಪಾರಿ ಹಡಗು ಹತ್ತಿದ್ದು, 1952ರಲ್ಲಿ ಅಲಬಾಮಾದ ಮೊಬೈಲ್ ಬಂದರಿನಲ್ಲಿ ಹಡಗು ಬಿಟ್ಟು ಜಾಝ್‌ನ ತವರೂರಾದ ನ್ಯೂ ಆರ್ಲಿಯನ್ಸ್ ಸೇರಿದ್ದು, ವೀಸಾ ಅವಧಿ ಮೀರಿ ಸಿಕ್ಕಿಬಿದ್ದು ಜೈಲು ಕಂಡದ್ದು, 1953ರಲ್ಲಿ ಗಡೀಪಾರಾಗಿ ಊರಿಗೆ ಬಂದದ್ದು, ಎಲ್ಲವೂ ರೋಚಕವಾಗಿದೆ. ಲೇಖನದ ಅರ್ಧಕ್ಕಿಂತ ಹೆಚ್ಚು ಜಾಗ ಅದಕ್ಕೇ ಹೋಗಿದೆ. ಅವನು ಅಲ್ಲಿ ಕೇಳಿದ್ದೇನು ಎಂಬುದಕ್ಕೆ ಸಿಕ್ಕಿರುವುದು ಒಂದೇ ವಾಕ್ಯ: ‘ಅಲ್ಲಿ ಅವನು ನಿಜವಾದ ಜಾಝ್‌ನ ಆತ್ಮವನ್ನು ಕಂಡುಕೊಂಡ.’ ಈ ವಾಕ್ಯದಿಂದ ಓದುಗನಿಗೆ ಏನೂ ದಕ್ಕುವುದಿಲ್ಲ. ದಯವಿಟ್ಟು ತೆಗೆದುಬಿಡಿ.

ಅವನು ಹಡಗು ಹತ್ತಲೇಬೇಕಾದ ಕಾರಣವನ್ನೂ ನೀವು ಹೇಳಿಲ್ಲ. ಎರಡೂ ದೇಶಗಳ ಸಂಗೀತಗಾರರ ಯೂನಿಯನ್‌ಗಳ ಜಗಳದಿಂದಾಗಿ 1930ರ ದಶಕದ ಮಧ್ಯದಿಂದ ಸುಮಾರು ಇಪ್ಪತ್ತು ವರ್ಷ ಅಮೆರಿಕದ ಬ್ಯಾಂಡುಗಳು ಬ್ರಿಟನ್ನಿಗೆ ಬಂದು ನುಡಿಸುವುದು ಹೆಚ್ಚುಕಡಿಮೆ ನಿಂತೇಹೋಗಿತ್ತು. ಲಂಡನ್ನಿನ ಹುಡುಗರಿಗೆ ಜಾಝ್ ಎಂದರೆ ಒಂದು ಬದಿಗೆ ಮೂರು ನಿಮಿಷ ಓಡುವ ಗ್ರಾಮಫೋನ್ ತಟ್ಟೆ, ಅಷ್ಟೇ. 1949ರಲ್ಲಿ ಕ್ರೇನ್ ರಿವರ್ ಜಾಝ್ ಬ್ಯಾಂಡ್ ಕಟ್ಟಿದಾಗ ಕಾಲ್ಯರ್‌ಗೆ ಇದ್ದ ಪಾಠಶಾಲೆಯೂ ಅದೇ. ತಟ್ಟೆಯಲ್ಲಿ ಕೇಳಿದ್ದನ್ನು ಎದುರಿಗೆ ಕೂತು ಕೇಳಬೇಕಾದರೆ ಇವನೇ ಅಲ್ಲಿಗೆ ಹೋಗಬೇಕಿತ್ತು. ಇಷ್ಟು ತಿಳಿದರೆ ಆ ಪ್ರಯಾಣ ಬರೀ ಸಾಹಸವಾಗಿ ಉಳಿಯುವುದಿಲ್ಲ. ನಿಮ್ಮ ಓದುಗ ಅದನ್ನು ಕಲಿಯುವವನ ಹಸಿವಾಗಿ ಕಾಣುತ್ತಾನೆ.

ಇನ್ನು ಎರಡನೆಯ ಪುಟ. ಅಲ್ಲಿ ನೀವು ನ್ಯೂ ಆರ್ಲಿಯನ್ಸಿನ ಹಳೆಯ ಜಾಝ್ ಬಗ್ಗೆ ಹೇಳುತ್ತ, ಕಾಲ್ಯರ್ ‘ಸತ್ತುಹೋದ ಶೈಲಿಗೆ ಜೀವ ಕೊಟ್ಟ’ ಎಂದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಒಪ್ಪಿದರೆ ಲೇಖನದ ಬೆನ್ನೆಲುಬೇ ಮುರಿಯುತ್ತದೆ. ಆ ಊರಿನ ಹೆಸರಾಂತ ವಾದಕರಾದ ಕಿಂಗ್ ಆಲಿವರ್, ಲೂಯಿ ಆರ್ಮ್‌ಸ್ಟ್ರಾಂಗ್ ಶಿಕಾಗೋಗೆ ಹೋದರು, ನಿಜ. ಆದರೆ ಊರು ಬಿಡದವರೂ ಇದ್ದರು. ಕ್ಲಾರಿನೆಟ್ ವಾದಕ ಜಾರ್ಜ್ ಲೂಯಿಸ್ ಬಂದರಿನಲ್ಲಿ ಮೂಟೆ ಹೊರುತ್ತ ನುಡಿಸಿಕೊಂಡೇ ಬಂದಿದ್ದ. 1944ರಲ್ಲಿ ಬಂದರಿನ ಕೆಲಸದಲ್ಲಿ ಗಾಯಗೊಂಡು ಚೇತರಿಸಿಕೊಳ್ಳುತ್ತಿದ್ದಾಗ ಅವನ ‘ಬರ್ಗಂಡಿ ಸ್ಟ್ರೀಟ್ ಬ್ಲೂಸ್’ ಧ್ವನಿಮುದ್ರಣವಾಯಿತು. ಕಾಲ್ಯರ್ ಹುಡುಕಿಕೊಂಡು ಹೋದದ್ದು ಇಂಥವರನ್ನು. ಹಂಫ್ರಿ ಲಿಟಲ್ಟನ್‌ರಂಥ ಬ್ರಿಟಿಷ್ ವಾದಕರು 1920ರ ದಶಕದ ಧ್ವನಿಮುದ್ರಿಕೆಗಳನ್ನು ಮಾದರಿಯಾಗಿ ಇಟ್ಟುಕೊಂಡಿದ್ದರು. ಕಾಲ್ಯರ್ ಮಾತ್ರ ತನ್ನ ಕಾಲದಲ್ಲೇ ಬದುಕಿ ನುಡಿಸುತ್ತಿದ್ದವರ ಪಕ್ಕ ಹೋಗಿ ಕೂತ. ಕಪ್ಪು ವಾದಕರೂ ಬಿಳಿಯರೂ ಒಂದೇ ವೇದಿಕೆಯಲ್ಲಿ ಒಟ್ಟಿಗೆ ನುಡಿಸುವುದಕ್ಕೆ ವರ್ಣಭೇದದ ಅಡ್ಡಗೋಡೆಯಿದ್ದ ಲೂಯಿಸಿಯಾನದಲ್ಲಿ (ನ್ಯೂ ಆರ್ಲಿಯನ್ಸ್ ಇರುವ ರಾಜ್ಯ) ಲೂಯಿಸ್‌ನ ಬ್ಯಾಂಡಿನ ಜೊತೆ ಟ್ರಂಪೆಟ್ಟಿನಂಥ ಊದುವಾದ್ಯವಾದ ಕಾರ್ನೆಟ್ ಹಿಡಿದು ಕೂರುವುದು ಸಣ್ಣ ಮಾತಲ್ಲ. ನಿಮ್ಮ ಇಡೀ ಲೇಖನದಲ್ಲಿ ಈ ಗೋಡೆಯ ಪ್ರಸ್ತಾಪವೇ ಇಲ್ಲ!

ಈಗ ಸಂಗೀತ. 1953ರ ಸೆಪ್ಟೆಂಬರಿನಲ್ಲಿ ಡೆಕ್ಕಾ ಕಂಪನಿಗಾಗಿ ಮುದ್ರಿಸಿದ ‘ನ್ಯೂ ಆರ್ಲಿಯನ್ಸ್ ಟು ಲಂಡನ್’ ತಟ್ಟೆಯ ಹೆಸರು ಕೊಟ್ಟಿದ್ದೀರಿ, ‘ಅದ್ಭುತ’ ಎಂದಿದ್ದೀರಿ. ಅದನ್ನು ಕೂತು ಕೇಳಿ. ಕಾರ್ನೆಟ್ ಮುಖ್ಯ ರಾಗವನ್ನು ಹೆಚ್ಚು ಅಲಂಕರಿಸದೆ, ತುಸು ಹಿಂದೆ ಜಗ್ಗಿದ ಹಾಗೆ ಹಿಡಿದುಕೊಂಡು ಹೋಗುತ್ತದೆ. ಅದರ ಮೇಲುಗಡೆ ಮಾಂಟಿ ಸನ್‌ಶೈನ್‌ನ ಕ್ಲಾರಿನೆಟ್ ಸುತ್ತಿಕೊಂಡು ಹರಿಯುತ್ತದೆ. ಕೆಳಗೆ ಕ್ರಿಸ್ ಬಾರ್ಬರ್‌ನ ಟ್ರಾಂಬೋನ್ ಖಾಲಿ ಬಿದ್ದ ಜಾಗಗಳನ್ನು ತುಂಬುತ್ತ ಒತ್ತಿಕೊಡುತ್ತದೆ. ಲಾನಿ ಡಾನೆಗನ್‌ನ ಬ್ಯಾಂಜೋ, ಜಿಮ್ ಬ್ರೇಯ ಬಾಸ್, ರಾನ್ ಬೌಡನ್‌ನ ಡ್ರಮ್ಸ್ ಒಂದೊಂದು ಆವರ್ತಕ್ಕೂ ನಾಲ್ಕು ಪೆಟ್ಟು ಹಾಕುತ್ತ ನೆಲ ಕಾಯುತ್ತವೆ. ಊದುವವರು ಮೂವರೂ ಒಂದೇ ಸಮಯಕ್ಕೆ ಬೇರೆ ಬೇರೆ ಸಾಲುಗಳನ್ನು ಆ ಕ್ಷಣದಲ್ಲೇ ಹುಟ್ಟಿಸುತ್ತಿರುತ್ತಾರೆ, ಆದರೂ ಒಬ್ಬರ ಕಾಲು ಒಬ್ಬರಿಗೆ ತಾಗುವುದಿಲ್ಲ. ಕಾಲ್ಯರ್ ಹಟ ಹಿಡಿದದ್ದು ಇದಕ್ಕಾಗಿ. ಒಬ್ಬೊಬ್ಬರೇ ಎದ್ದು ನಿಂತು ಮಿಂಚುವುದಕ್ಕಿಂತ ಒಟ್ಟು ಮೇಳದ ನುಡಿಸಾಣಿಕೆ ದೊಡ್ಡದು ಎಂದು ಅವನು ನಂಬಿದ್ದ. ಅವಸರವಿಲ್ಲದ ನಡೆ, ಸದ್ದು ತಗ್ಗಿಸಿ ಏರಿಸುವ ಸಂಯಮ, ಎರಡೂ ಅದರ ಭಾಗ. ಎಷ್ಟಾದರೂ ಇದು ಜನ ಕುಣಿಯಲೆಂದು ಹುಟ್ಟಿದ ಸಂಗೀತ.

ಅದೇ ತಟ್ಟೆಯಲ್ಲಿ ‘ಐಲ್ ಆಫ್ ಕಾಪ್ರಿ’ ಇರುವುದನ್ನು ಗಮನಿಸಿದ್ದೀರಾ? ಅದು 1934ರ ಜನಪ್ರಿಯ ಹಾಡು, ನ್ಯೂ ಆರ್ಲಿಯನ್ಸಿನಲ್ಲಿ ಹುಟ್ಟಿದ್ದಲ್ಲ. ಶುದ್ಧತಾವಾದಿ ಎಂದು ನೀವು ಹಣೆಪಟ್ಟಿ ಹಚ್ಚಿದವನು ಅದನ್ನು ಯಾಕೆ ಎತ್ತಿಕೊಂಡ? ಅವನಿಗೆ ಮುಖ್ಯವಾಗಿದ್ದದ್ದು ನುಡಿಸುವ ರೀತಿ, ಹಾಡಿನ ಹಳಮೆಯಲ್ಲ. ಈ ಒಂದು ಹಾಡಿನ ಮೇಲೆ ಎರಡು ಪ್ಯಾರಾ ಬರೆದರೆ ನಿಮ್ಮ ‘ಆತ್ಮ’, ‘ಅದ್ಭುತ’ ಯಾವುದೂ ಬೇಕಾಗುವುದಿಲ್ಲ.

ಈ ಸಂಗೀತವನ್ನು ಕರ್ನಾಟಕ ಸಂಗೀತದ ಮನೋಧರ್ಮಕ್ಕೆ, ಅಂದರೆ ಹಾಡುತ್ತಲೇ ಹೊಸದಾಗಿ ಕಟ್ಟುವುದಕ್ಕೆ, ನೀವು ಹೋಲಿಸಿದ್ದನ್ನೂ ಕೈಬಿಡಿ ಎನ್ನುತ್ತೇನೆ. ನಮ್ಮ ಕಚೇರಿಯಲ್ಲಿ ಗಾಯಕ ಮುಂದೆ, ಪಿಟೀಲು ಅವನ ಹಿಂದೆ. ಇಲ್ಲಿ ಮೂರು ದನಿಗಳು ಏಕಕಾಲಕ್ಕೆ ಮೂರು ದಾರಿ ಹಿಡಿಯುತ್ತವೆ. ‘ಮನೋಧರ್ಮ’ ಎಂದೊಡನೆ ನಮ್ಮ ಓದುಗ ತನಗೆ ಗೊತ್ತಿರುವುದನ್ನೇ ಕಲ್ಪಿಸಿಕೊಳ್ಳುತ್ತಾನೆ, ಈ ಸಂಗೀತದ ವಿಶೇಷವೇ ತಪ್ಪಿಹೋಗುತ್ತದೆ.

ಬಾರ್ಬರ್ ಮತ್ತು ಗೆಳೆಯರು 1954ರಲ್ಲಿ ಬೇರೆಯಾದದ್ದನ್ನು ‘ಬೆನ್ನಿಗೆ ಚೂರಿ’ ಎಂದು ಬರೆದಿದ್ದೀರಿ. ಇದು ಅನ್ಯಾಯ. ಕಾಲ್ಯರ್ ಅಮೆರಿಕದಲ್ಲಿದ್ದಾಗಲೇ ಅವರು ತಂಡ ಕಟ್ಟಿಕೊಂಡು, ಬಂದು ಮುನ್ನಡೆಸು ಎಂದು ಅವನನ್ನು ಕರೆದಿದ್ದರು. ಅಭಿರುಚಿ ಹೊಂದಲಿಲ್ಲ, ಅವನು ಹೊರಬಂದ. ಅವನ ಜಾಗಕ್ಕೆ ಟ್ರಂಪೆಟ್ ವಾದಕ ಪ್ಯಾಟ್ ಹಾಲ್ಕಾಕ್ಸ್ ಬಂದ. ಮುಂದೆ 1958ರಲ್ಲಿ ಅಮೆರಿಕದ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್‌ನನ್ನು ಬ್ರಿಟನ್ನಿಗೆ ಕರೆಸಿ ಜೊತೆಗೆ ನುಡಿಸಿದವರು ಈ ಬಾರ್ಬರ್ ತಂಡದವರೇ. ಅವರನ್ನು ಖಳರನ್ನಾಗಿ ಮಾಡದೆಯೂ ಕಾಲ್ಯರ್‌ನ ಹಟವನ್ನು ತೋರಿಸಬಹುದು. ಒಂದು ಹುಟ್ಟುಗುಣದಂತೆ ಆ ಹಟ ಅವನಿಗೆ ಗೆಳೆಯರನ್ನು ಕಳೆಯಿತು, ಅವನದೇ ಆದ ದನಿಯನ್ನೂ ಉಳಿಸಿತು. ಆಮೇಲೆ ಮ್ಯಾಕ್ ಡಂಕನ್‌ನ ಟ್ರಾಂಬೋನ್, ಇಯಾನ್ ವೀಲರ್‌ನ ಕ್ಲಾರಿನೆಟ್ ಇದ್ದ ಅವನ ತಂಡ ನನ್ನ ಮಟ್ಟಿಗೆ ಅತ್ಯುತ್ತಮವಾದದ್ದು. ಅದರ ಹೆಸರೂ ನಿಮ್ಮಲ್ಲಿಲ್ಲ. 1957ರಲ್ಲಿ ಜಾರ್ಜ್ ಲೂಯಿಸ್ ಬ್ರಿಟನ್ನಿಗೆ ಬಂದು ಕಾಲ್ಯರ್‌ನ ತಂಡದ ಜೊತೆಗೇ ಊರೂರು ತಿರುಗಿ ನುಡಿಸಿದ್ದೂ ಇಲ್ಲ. ಐದು ವರ್ಷ ಹಿಂದೆ ಯಾರ ಪಕ್ಕ ಕೂರಲು ಹಡಗು ಬಿಟ್ಟು ಓಡಿದ್ದನೋ, ಆ ಹಿರಿಯನೇ ಇವನ ಊರಿಗೆ ಬಂದ! ಜೈಲಿಗೆ ಕೊಟ್ಟ ಜಾಗದಲ್ಲಿ ಕಾಲು ಭಾಗ ಇದಕ್ಕೆ ಕೊಡಿ.

ಕೊನೆಯ ಪುಟದಲ್ಲಿ ನಿಮ್ಮ ವಾದ ಹೀಗಿದೆ: ಬಿಡುವಿನ ವೇಳೆ ಗಿಟಾರ್ ಹಿಡಿದು ಅವನು ನುಡಿಸಿದ, ಅಮೆರಿಕದ ಜನಪದ ಹಾಡುಗಳ ಸರಳ ರೂಪವಾದ ಸ್ಕಿಫ಼ಲ್ ಬೆಳೆದು ಬ್ರಿಟಿಷ್ ರಾಕ್ ಆಯಿತು, ಅವನ ಕ್ಲಬ್ ನಡೆಯುತ್ತಿದ್ದ ಸ್ಟುಡಿಯೋ 51ರಲ್ಲಿ 1963ರಲ್ಲಿ ರೋಲಿಂಗ್ ಸ್ಟೋನ್ಸ್ ನುಡಿಸಿತು, ಆದ್ದರಿಂದ ಅವನು ಮುಖ್ಯ. ಮಾಹಿತಿ ಸರಿ, ‘ಆದ್ದರಿಂದ’ ತಪ್ಪು. 1960ರ ಆಸುಪಾಸಿನಲ್ಲಿ ಇದೇ ಸಂಗೀತದ ಅಲೆ ಎದ್ದಾಗ ಬ್ರಿಟಿಷ್ ವಾದಕರಾದ ಆಕರ್ ಬಿಲ್ಕ್, ಕೆನ್ನಿ ಬಾಲ್ ಜನಪ್ರಿಯತೆಯ ಪಟ್ಟಿ ಏರಿದರು. ಅಂಥ ಹಾಡುಗಳ ಬೆನ್ನು ಹತ್ತದೆ ಕಾಲ್ಯರ್ ತನ್ನ ಪಾಡಿಗೆ ನುಡಿಸುತ್ತಿದ್ದ. ಅಂಥವನಿಗೆ ಇನ್ನೊಬ್ಬರ ಕೀರ್ತಿಯ ಊರುಗೋಲು ಬೇಕೇ? ಅವನ ತಟ್ಟೆಗಳೇ ಸಾಕ್ಷಿ.

ಚಿಕ್ಕಪುಟ್ಟದ್ದು: ಅವನು ಹುಟ್ಟಿದ್ದು ಗ್ರೇಟ್ ಯಾರ್ಮತ್‌ನಲ್ಲಿ, ಲಂಡನ್ನಿನಲ್ಲಲ್ಲ. ತೀರಿಕೊಂಡದ್ದು 1988ರಲ್ಲಿ, ಫ್ರಾನ್ಸಿನಲ್ಲಿ. ಕಾಯಿಲೆ, ಸಾವಿನ ಪ್ಯಾರಾಗಳನ್ನು ಎರಡು ಸಾಲಿಗೆ ಇಳಿಸಿ. ಒಮೆಗಾ ಬ್ರಾಸ್ ಬ್ಯಾಂಡ್ ಕಟ್ಟಿ ನ್ಯೂ ಆರ್ಲಿಯನ್ಸಿನ ಮೆರವಣಿಗೆ ವಾದ್ಯವನ್ನು ಅವನು ಇಂಗ್ಲೆಂಡಿನ ಬೀದಿಗೆ ತಂದದ್ದನ್ನು ಬರೆದ ಭಾಗ ಚೆನ್ನಾಗಿದೆ. ಅಲ್ಲಿ ನಿಮ್ಮ ಕಿವಿ ಕೆಲಸ ಮಾಡಿದೆ, ಅದನ್ನು ಮುಟ್ಟಬೇಡಿ.

ಸದ್ಯಕ್ಕೆ ಬರೆದದ್ದನ್ನು ಬದಿಗಿಟ್ಟು 1953ರ ಆ ತಟ್ಟೆಯನ್ನೂ ನಂತರದ ತಂಡದ ಮುದ್ರಿಕೆಗಳನ್ನೂ ಕೇಳಿ. ಒಮ್ಮೆ ಕಾರ್ನೆಟ್ ಮಾತ್ರ ಹಿಂಬಾಲಿಸಿ, ಇನ್ನೊಮ್ಮೆ ಟ್ರಾಂಬೋನ್ ಮಾತ್ರ. ಆಮೇಲೆ ‘ಐಲ್ ಆಫ್ ಕಾಪ್ರಿ’ಯಿಂದಲೇ ಲೇಖನ ಶುರುಮಾಡಿ, ನ್ಯೂ ಆರ್ಲಿಯನ್ಸ್ ನಡುವೆ ಬರಲಿ. 1,500 ಪದ ಮೀರದಿರಲಿ. ಹೊಸ ಪ್ರತಿಯನ್ನು ನೇರವಾಗಿ ನನ್ನ ಹೆಸರಿಗೇ ಕಳುಹಿಸಿ.

ವಿಶ್ವಾಸದಿಂದ,
ಸಂಪಾದಕ